ಮರ ಕಡೆಯುವ ಕೆಲಸದಲ್ಲಿ ಸ್ಫೂರ್ತಿ, ಸ್ವಂತಿಕೆ ಮತ್ತು ಹೆಸರು ಹೇಳುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಲೇತ್ ಮೇಲೆ, ಅಂದರೆ ಮರವನ್ನು ತಿರುಗಿಸುವ ಯಂತ್ರದ ಮೇಲೆ, ಮರ ಕಡೆಯುವವರು ಎರಡು ಬಗೆಯವರಿದ್ದಾರೆ. ತೊಟ್ಟಿಲ ಕಡ್ಡಿ, ಮಂಚದ ಕಾಲು, ಮೆಟ್ಟಿಲ ಕಟಕಟೆ, ಲಟ್ಟಣಿಗೆ, ಬುಗುರಿಗಳನ್ನು ತಲೆಮಾರುಗಳಿಂದ ಕಡೆದುಕೊಂಡು ಬಂದ ಆಚಾರ್ರ ಮನೆತನದವರು ಒಂದು ಕಡೆಗಿದ್ದರೆ, ತೋಟದ ಮನೆಯ ಹಿಂದಿನ ಶೆಡ್ಡಿನಲ್ಲಿ ಸಣ್ಣದೊಂದು ಲೇತ್ ಹಾಕಿಸಿಕೊಂಡು, ಕಿತ್ತ ಕಾಫಿ ಗಿಡದ ಬೊಡ್ಡೆಯಿಂದಲೋ ಗಾಳಿಗೆ ಬಿದ್ದ ಸಿಲ್ವರ್ ಓಕ್ ತುಂಡಿನಿಂದಲೋ ಬಟ್ಟಲು, ಹೂದಾನಿ, ಡಬ್ಬಿಗಳನ್ನು ಮಾಡುವ ಹೊಸಬರು ಇನ್ನೊಂದು ಕಡೆಗಿದ್ದಾರೆ. ಮೊದಲಿನವರು ಕಲಿತದ್ದು ಅಪ್ಪನ ಕೈ ನೋಡಿ. ಎರಡನೆಯವರು ಕಲಿಯುತ್ತಿರುವುದು ಹೆಚ್ಚಾಗಿ ಮೊಬೈಲಿನ ವಿಡಿಯೊ ನೋಡಿ. ನೋಡಿ ಕಲಿಯುವುದು ಇಬ್ಬರಿಗೂ ಸಮಾನವೇ. ಆದರೆ ಆಚಾರ್ರ ಮಗನಿಗೆ ತನ್ನ ಗುರು ಯಾರೆಂದು ಹೇಳುವ ಅಗತ್ಯವೇ ಬರುವುದಿಲ್ಲ, ಊರಿಗೆಲ್ಲ ಅದು ಗೊತ್ತಿರುತ್ತದೆ. ಹೊಸಬರು ಎಲ್ಲಿಂದ ಏನನ್ನು ತೆಗೆದುಕೊಂಡರೆಂಬುದು ಅವರಾಗಿಯೇ ಹೇಳದ ಹೊರತು ಯಾರಿಗೂ ತಿಳಿಯುವುದಿಲ್ಲ.

ಈ ಲೇಖನ ಮುಖ್ಯವಾಗಿ ಅಂಥ ಹೊಸಬರಿಗಾಗಿ. ಬೇರೊಬ್ಬರ ಕೆಲಸ ನೋಡಿ ಮನಸೋತು ಅದರಂತೆಯೇ ಒಂದನ್ನು ಕಡೆದ ಮೇಲೆ, ಅದನ್ನು ಸಂತೆಯಲ್ಲಿ, ಹೋಂಸ್ಟೇಯ ಕಪಾಟಿನಲ್ಲಿ ಅಥವಾ ಕರಕುಶಲ ಮೇಳದಲ್ಲಿ ಮಾರಾಟಕ್ಕೆ ಇಡುವ ಮುನ್ನ ಏನೇನು ಮಾಡಬೇಕು ಎಂಬುದನ್ನು ಕ್ರಮವಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ. ‘ಇದು ನನ್ನದೋ ಅಲ್ಲವೋ’ ಎಂದು ಇಡೀ ವಸ್ತುವಿನ ಮೇಲೆ ಒಂದೇ ಪ್ರಶ್ನೆ ಹಾಕಿಕೊಂಡರೆ ಉತ್ತರ ಎಂದೂ ಸಿಕ್ಕುವುದಿಲ್ಲ. ಕಡೆದ ಯಾವ ವಸ್ತುವಿನಲ್ಲಿಯೂ ಕೆಲವು ಅಂಶಗಳು ಎಲ್ಲರವು, ಕೆಲವು ಯಾರೋ ಒಬ್ಬರವು, ಕೆಲವು ನಿಮ್ಮವು ಆಗಿರುತ್ತವೆ. ಅವುಗಳನ್ನು ಬೇರ್ಪಡಿಸಿ, ಯಾರದನ್ನು ತೆಗೆದುಕೊಂಡಿದ್ದೇವೋ ಅದಕ್ಕಷ್ಟೇ ಅವರ ಹೆಸರು ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ವಸ್ತುವನ್ನು ಬಿಡಿಸಿ ನೋಡುವುದು

ನಿಮ್ಮ ಮುಂದಿರುವ ಬಟ್ಟಲನ್ನೋ ಡಬ್ಬಿಯನ್ನೋ ಎತ್ತಿಕೊಂಡು ನಾಲ್ಕು ವಿಷಯಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ: ಅದರ ಆಕಾರ, ಅದನ್ನು ಕಡೆದ ವಿಧಾನ, ಮೇಲ್ಮೈಗೆ ಮಾಡಿದ ಅಲಂಕಾರ ಮತ್ತು ಇವೆಲ್ಲವನ್ನೂ ಒಟ್ಟಿಗೆ ಸೇರಿಸಿದ ಕಲ್ಪನೆ.

ಆಕಾರದ ವಿಷಯದಲ್ಲಿ ಅತಿಯಾದ ಸಂಕೋಚ ಬೇಡ. ಲೇತ್ ಎಂಬ ಯಂತ್ರವೇ ದುಂಡಗಿನದನ್ನು ಮಾತ್ರ ಕೊಡುವಂಥದ್ದು. ಮರವನ್ನು ಅಕ್ಷದ ಸುತ್ತ ತಿರುಗಿಸಿ ಉಳಿ ಹಿಡಿದರೆ ಬರಬಹುದಾದ ಹೊರಗೆರೆಗಳು ಸಾವಿರಾರು ವರ್ಷಗಳಿಂದ ಕುಂಬಾರರ ಕೈಯಲ್ಲಿ, ಕಂಚುಗಾರರ ಕೈಯಲ್ಲಿ, ಮರಗೆಲಸದವರ ಕೈಯಲ್ಲಿ ಬಂದುಹೋಗಿವೆ. ಅರ್ಧಗೋಳದ ಬಟ್ಟಲಿಗೆ ಒಡೆಯನಿಲ್ಲ. ಎರಡು ಮೊಳೆಗಳ ನಡುವೆ ಸರಪಳಿಯನ್ನು ಇಳಿಬಿಟ್ಟಾಗ ಮೂಡುವ ಬಾಗು, ಬಾಯಗಲದ ಮೂರನೆಯ ಒಂದು ಭಾಗದಷ್ಟು ಪಾದ ಇರಬೇಕೆಂಬ ರೂಢಿ, ಹಸಿ ಮರವನ್ನು ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಉಳಿಸಿ ಒರಟಾಗಿ ಕಡೆದು, ಒಣಗಿದ ಮೇಲೆ ಮತ್ತೆ ಕಡೆಯುವ ಪದ್ಧತಿ, ಇವು ಯಾವುದಕ್ಕೂ ಯಾರಿಗೂ ಕಪ್ಪ ಒಪ್ಪಿಸಬೇಕಾಗಿಲ್ಲ.

ವಿಧಾನದ ವಿಷಯ ಸ್ವಲ್ಪ ಬೇರೆ. ಯಾವುದೇ ವಿಧಾನ ಮೊದಲಿಗೆ ಒಬ್ಬಿಬ್ಬರ ಕೈಗುರುತಾಗಿದ್ದು, ಕಾಲಾಂತರದಲ್ಲಿ ಎಲ್ಲರದಾಗುತ್ತದೆ. ಹೆಬ್ಬೆರಳು ಮಾತ್ರ ತೂರುವಷ್ಟು ಸಣ್ಣ ಬಾಯಿಯ ಮೂಲಕ ಬಾಗಿದ ಉಳಿ ಇಳಿಸಿ, ಒಳಗಿನ ಮರವನ್ನು ಕಣ್ಣಿಗೆ ಕಾಣದೆಯೇ ತೆಗೆದು, ತೆಳ್ಳನೆಯ ಗೋಡೆ ಉಳಿಸುವ ಟೊಳ್ಳು ಪಾತ್ರೆಗಳ ಕೆಲಸವನ್ನು ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಬೆಳೆಸಿದರು. 1986ರಲ್ಲಿ ಸ್ಥಾಪನೆಯಾದ ಅಲ್ಲಿನ ಮರ ಕಡೆಯುವವರ ಸಂಘದ ಮೊದಲ ಅಧ್ಯಕ್ಷರೂ ಅವರೇ. ಇಂದು ಜಗತ್ತಿನಾದ್ಯಂತ ಈ ಕೆಲಸ ಮಾಡುವವರಿದ್ದಾರೆ, ಅದಕ್ಕೆಂದೇ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ. ಟೊಳ್ಳು ಪಾತ್ರೆ ಮಾಡಿದ ಪ್ರತಿಯೊಬ್ಬರೂ ಅವರ ಹೆಸರು ಬರೆಯಬೇಕೆಂದರೆ ಅದು ಅತಿಯಾದೀತು. ಜರ್ಮನಿಯ ಹ್ಯಾನ್ಸ್ ವೈಸ್‌ಫ್ಲಾಗ್ ಅವರ ವಿಷಯ ಹಾಗಲ್ಲ. ತೆಳ್ಳನೆಯ ಮರದ ಗೋಡೆಯ ಒಂದು ಬದಿಯಲ್ಲಿ ಒಂದು ಕೇಂದ್ರ ಹಿಡಿದು ಗಾಡಿಗಳನ್ನು, ಅಂದರೆ ಸಣ್ಣ ತೋಡುಗಳನ್ನು, ಕಡೆದು, ಮತ್ತೊಂದು ಬದಿಯಲ್ಲಿ ಬೇರೆ ಕೇಂದ್ರ ಹಿಡಿದು ಕಡೆದಾಗ, ಎರಡೂ ಬದಿಯ ಗಾಡಿಗಳು ಒಂದನ್ನೊಂದು ದಾಟುವ ಕಡೆಯಲ್ಲೆಲ್ಲ ಸಣ್ಣ ಕಿಟಕಿಗಳು ತೆರೆದುಕೊಂಡು ಜಾಲರಿಯಾಗುತ್ತದೆ. ಈ ವಿಧಾನದಿಂದ ಅವರು ಕಟ್ಟಿದ ಡಬ್ಬಿಗಳನ್ನು ನೋಡಿದವರು ಯಾರ ಕೆಲಸವೆಂದು ಕೇಳುವುದಿಲ್ಲ, ಅಷ್ಟು ಗುರುತು ಹತ್ತುತ್ತದೆ. ಅಂಥ ವಿಧಾನವನ್ನು ಬಳಸಿದಾಗ ಹೆಸರು ಹೇಳಲೇಬೇಕು.

ಇವೆರಡರ ನಡುವಿನ ವ್ಯತ್ಯಾಸಕ್ಕೆ ಒಂದು ಒರೆಗಲ್ಲಿದೆ. ಅನುಭವಿಯಾದ ಇನ್ನೊಬ್ಬ ಕೆಲಸಗಾರನಿಗೆ ನಿಮ್ಮ ವಸ್ತುವನ್ನು ತೋರಿಸಿದಾಗ ಅವನ ಬಾಯಿಂದ ‘ಚೆನ್ನಾಗಿ ಟೊಳ್ಳು ಮಾಡಿದ್ದೀರಿ’ ಎಂಬ ಮಾತು ಬಂದರೆ ವಿಧಾನ ಎಲ್ಲರದು. ‘ಓ, ಇದು ಇಂಥವರದ್ದಲ್ಲವೇ’ ಎಂಬ ಮಾತು ಬಂದರೆ ಅದು ಇನ್ನೂ ಆ ವ್ಯಕ್ತಿಯದ್ದೇ.

ಅಲಂಕಾರ ಮತ್ತು ಒಟ್ಟು ಕಲ್ಪನೆಗಳಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ವ್ಯಕ್ತಿಯ ಕೈ ಹೆಚ್ಚಾಗಿ ಕಾಣುವುದು ಅಲ್ಲಿಯೇ. ಬಟ್ಟಲಿನ ಮೈಮೇಲೆ ಸಾಲುಸಾಲಾಗಿ ಮಣಿಗಳಂತೆ ಉಬ್ಬು ಕಡೆದು, ಅವುಗಳನ್ನು ಅಡ್ಡಗೆರೆಗಳಿಂದ ಸುಟ್ಟು ವಿಭಾಗಿಸಿ, ಬಣ್ಣ ತುಂಬಿ, ನೋಡಿದವರಿಗೆ ಹೆಣೆದ ಬುಟ್ಟಿಯೇ ಎನಿಸುವಂತೆ ಮಾಡುವ ಒಂದು ಬಗೆಯಿದೆ. ಉಬ್ಬು ಕಡೆಯುವುದು ಹಳೆಯದು, ಸುಡುವುದು ಹಳೆಯದು, ಬುಟ್ಟಿಯಂತೂ ಎಲ್ಲಕ್ಕಿಂತ ಹಳೆಯದು. ಇವು ಮೂರನ್ನೂ ಸೇರಿಸಬೇಕೆಂದು ಹೊಳೆದದ್ದು ಮಾತ್ರ ಕೆಲವರ ತಲೆಗೆ. ನೀವು ನಮ್ಮ ಮಲೆನಾಡಿನ ಬಿದಿರು ಬುಟ್ಟಿಯ ಹೆಣಿಗೆಯನ್ನು ನೋಡಿ ಅದರ ವಿನ್ಯಾಸವನ್ನೇ ಬಟ್ಟಲಿಗೆ ತಂದರೆ ಹೆಣಿಗೆ ಮಾತ್ರ ಹೊಸದಾಯಿತು. ಮರವನ್ನು ಬುಟ್ಟಿಯಾಗಿಸುವ ಕಲ್ಪನೆ ಎರವಲಾಗಿಯೇ ಉಳಿಯುತ್ತದೆ. ಆ ಹೆಣಿಗೆ ಹೆಣೆದವರದೂ ಒಂದು ಋಣ ಸೇರಿಕೊಳ್ಳುತ್ತದೆ.

ಎರಡನೆಯ ಹೆಜ್ಜೆ: ಮೂಲವನ್ನು ಹುಡುಕುವುದು

ಚಿತ್ರ ನೋಡಿದ ಜಾಗವನ್ನೇ ಮೂಲವೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಮೊಬೈಲಿನಲ್ಲಿ ಚಿತ್ರವನ್ನು ಹಾಕಿ ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕುವ ಸೌಲಭ್ಯವನ್ನು ಮೊದಲು ಬಳಸಿ, ಅತ್ಯಂತ ಹಳೆಯ ದಿನಾಂಕದ ಕಡೆಗೆ ಹೋಗಿ. ಅನೇಕ ವೇಳೆ ನೀವು ಮೆಚ್ಚಿದ ವ್ಯಕ್ತಿಯೂ ಇನ್ನೊಬ್ಬರಿಂದ ಕಲಿತಿರುತ್ತಾನೆ, ಪ್ರಾಮಾಣಿಕನಾದರೆ ಅದನ್ನು ಎಲ್ಲಿಯಾದರೂ ಬರೆದಿರುತ್ತಾನೆ. ಆಗ ಇಬ್ಬರ ಹೆಸರೂ ನಿಮಗೆ ಬೇಕಾಗುತ್ತದೆ.

ಹಿಂದೆ ಹೋದಷ್ಟೂ ಮೂಲ ಇನ್ನೂ ಹಿಂದಕ್ಕೆ ಸರಿಯುವುದು ಈ ಕಸುಬಿನ ಸ್ವಭಾವ. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ತಿರುಗಣೆಯಲ್ಲಿ ಕಡೆದಂತಿರುವ ಬಳಪದ ಕಲ್ಲಿನ ಕಂಬಗಳನ್ನು ನಮ್ಮ ಜಿಲ್ಲೆಯವರೆಲ್ಲ ನೋಡಿದ್ದೇವೆ: ಕೆಳಗೆ ಚೌಕದ ಪೀಠ, ಅದರ ಮೇಲೆ ಗಂಟೆಯಂತೆ ಉಬ್ಬಿದ ಭಾಗ, ಕಿರಿದಾದ ಕೊರಳು, ಅದರ ಮೇಲೆ ತಟ್ಟೆಯಂತೆ ಅಗಲವಾದ ಚಕ್ರ, ನಡುನಡುವೆ ಕತ್ತಿಯ ಅಲಗಿನಷ್ಟು ತೀಕ್ಷ್ಣವಾದ ಏಣುಗಳು. ಹೊಯ್ಸಳರ ಕಂಬವೆಂದೇ ನಾವು ಕರೆಯುವ ಈ ಮಾದರಿ ಹೊಯ್ಸಳರಿಗೆ ಬಂದದ್ದು ಕಲ್ಯಾಣದ ಚಾಲುಕ್ಯರ ಕಾಲದ ಕೆಲಸದಿಂದ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದುಡಿದು ತಮ್ಮ ಹೆಸರು ಕೊರೆದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು, ಅಂದರೆ ಆ ಹಳೆಯ ಸಂಪ್ರದಾಯ ಬೆಳೆದ ಸೀಮೆಯವರು. ಆದ್ದರಿಂದ ಹಳೇಬೀಡಿನ ಕಂಬ ನೋಡಿ ನೀವು ದೀಪದ ಕಂಬವೊಂದನ್ನು ಹಲಸಿನ ಮರದಲ್ಲಿ ಕಡೆದರೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಹಳೇಬೀಡಿನ ಹೆಸರು ಹೇಳದೆ ‘ನನ್ನ ವಿನ್ಯಾಸ’ ಎಂದು ಚೀಟಿ ಅಂಟಿಸಿದರೆ ಪ್ರವಾಸಿಗರು ನಂಬಬಹುದು, ಊರಿನವರು ನಗುತ್ತಾರೆ.

ಒಂದರೊಳಗೊಂದು ಕೂರುವ ರಷ್ಯದ ಮತ್ರ್ಯೋಷ್ಕಾ ಗೊಂಬೆಯ ಕಥೆಯೂ ಇಲ್ಲಿ ಉಪಯುಕ್ತ. ಅಷ್ಟು ಸಾಂಪ್ರದಾಯಿಕವಾಗಿ ಕಾಣುವ ಆ ಗೊಂಬೆ ಹುಟ್ಟಿದ್ದು 1890ರ ದಶಕದಲ್ಲಿ. ಕಡೆದವರು ವಸಿಲಿ ಜ್ವ್ಯೋಜ್ದೋಚ್ಕಿನ್, ಬಣ್ಣ ಬರೆದವರು ಸೆರ್ಗೆಯ್ ಮಲ್ಯೂತಿನ್; 1900ರ ಪ್ಯಾರಿಸ್ ಪ್ರದರ್ಶನದ ನಂತರ ಅದು ಲೋಕಪ್ರಸಿದ್ಧವಾಯಿತು. ಜಪಾನಿನ ಗೊಂಬೆಯೊಂದು ಅದಕ್ಕೆ ಪ್ರೇರಣೆಯೆಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದ್ದು, ಅದರ ಬಗ್ಗೆ ವಾದವೂ ಇದೆ. ಪ್ರೇರಣೆ ಎಲ್ಲಿಯದೇ ಇರಲಿ, ಕಡೆದವನ ಹೆಸರೂ ಬಣ್ಣ ಹಚ್ಚಿದವನ ಹೆಸರೂ ಬೇರೆಬೇರೆಯಾಗಿ ಉಳಿದಿರುವುದು ನಮ್ಮಂಥವರು ಗಮನಿಸಬೇಕಾದದ್ದು. ನೀವು ಕಡೆದ ಹೂದಾನಿಗೆ ತಂಗಿಯೋ ಸ್ನೇಹಿತರೋ ಚಿತ್ರ ಬರೆದಿದ್ದರೆ ಎರಡೂ ಹೆಸರುಗಳು ಅದರ ಮೇಲೆ ಇರಲಿ.

ಮೂರನೆಯ ಹೆಜ್ಜೆ: ಅಭ್ಯಾಸದ ನಕಲನ್ನು ಅಭ್ಯಾಸವಾಗಿಯೇ ಇಡುವುದು

ಕಲಿಯುವಾಗ ನಕಲು ಮಾಡುವುದರಲ್ಲಿ ಕಿಂಚಿತ್ತೂ ತಪ್ಪಿಲ್ಲ. ನಕಲು ಮಾಡದೆ ಕಲಿತವರನ್ನು ನಾನು ಕಂಡಿಲ್ಲ. ಅಂಥವನ್ನು ಮಾರಬೇಡಿ, ಸ್ಪರ್ಧೆಗೆ ಕಳಿಸಬೇಡಿ, ತಳದಲ್ಲಿ ‘ಅಭ್ಯಾಸ’ ಎಂದು ಬರೆದು ಮನೆಯಲ್ಲಿ ಬಳಸಿ ಅಥವಾ ನೆಂಟರಿಗೆ ಕೊಡಿ. ಬರೆಯದೆ ಕೊಟ್ಟರೆ ವರ್ಷಗಳ ನಂತರ ಅದು ನಿಮ್ಮ ವಿನ್ಯಾಸವೆಂದು ನೀವೇ ನಂಬುವ ಅಪಾಯವೂ ಇದೆ.

ನಾಲ್ಕನೆಯ ಹೆಜ್ಜೆ: ನೋಡಿದ್ದರಿಂದ ದೂರ ಸರಿಯುವುದು

ಸ್ಫೂರ್ತಿಯಿಂದ ಸ್ವಂತ ಕೆಲಸದ ಕಡೆಗೆ ಹೋಗುವ ದಾರಿ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ‘ಶೇಕಡಾ ಇಷ್ಟು ಬದಲಿಸಿದರೆ ಅದು ನಮ್ಮದಾಗುತ್ತದೆ’ ಎಂಬ ಮಾತು ಕಸುಬಿನವರಲ್ಲಿ ಓಡಾಡುತ್ತಿರುತ್ತದೆ. ಅಂಥ ಲೆಕ್ಕ ಕಾನೂನಿನಲ್ಲಿಯೂ ಇಲ್ಲ, ಕಸುಬಿನಲ್ಲಿಯೂ ಇಲ್ಲ. ಬಾಯಿಯನ್ನು ಅರ್ಧ ಇಂಚು ಅಗಲಿಸಿ, ತೇಗದ ಬದಲು ಮಾವಿನ ಮರ ಹಾಕಿದರೆ ನಕಲು ನಕಲಾಗಿಯೇ ಇರುತ್ತದೆ.

ಮೊದಲು, ಮೆಚ್ಚಿದ ವಸ್ತುವಿನ ಚಿತ್ರವನ್ನು ಮುಂದಿಟ್ಟುಕೊಂಡು ನಿಮ್ಮನ್ನು ಹಿಡಿದಿಟ್ಟದ್ದು ಏನೆಂದು ಎರಡು ಮೂರು ವಾಕ್ಯಗಳಲ್ಲಿ ಬರೆಯಿರಿ. ‘ಚೆನ್ನಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಅಂಚು ಒಳಕ್ಕೆ ಮಡಚಿಕೊಂಡಿರುವುದರಿಂದ ಬಾಯಿಯ ಸುತ್ತ ಒಂದು ನೆರಳಿನ ಗೆರೆ ಬೀಳುತ್ತದೆ, ಅದರಿಂದ ಒಳಗಿನ ಕತ್ತಲು ಆಳವಾಗಿ ಕಾಣುತ್ತದೆ’ ಎಂಬಷ್ಟು ನಿಖರವಾಗಿ ಬರೆಯಬೇಕು. ಬರೆದ ಮೇಲೆ ಚಿತ್ರವನ್ನು ಮುಚ್ಚಿಡಿ. ಒಂದೆರಡು ವಾರ ಕಳೆದ ಮೇಲೆ ಆ ವಾಕ್ಯಗಳನ್ನು ಮಾತ್ರ ಓದಿಕೊಂಡು, ಚಿತ್ರ ತೆರೆಯದೆ, ಕಂದು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಹೊರಗೆರೆಯನ್ನು ಎಳೆಯಿರಿ. ಒಂದಲ್ಲ, ಹತ್ತಾರು ಎಳೆಯಿರಿ. ನೆನಪು ಮರೆತ ಜಾಗಗಳನ್ನು ನಿಮ್ಮ ಕೈ ತನಗೆ ತೋಚಿದಂತೆ ತುಂಬುತ್ತದೆ, ಸ್ವಂತದ್ದು ಹುಟ್ಟುವುದು ಆ ಜಾಗಗಳಲ್ಲಿಯೇ.

ಅನಂತರ ಬಳಕೆಯನ್ನು ಬದಲಿಸಿ ನೋಡಿ. ಒಳಕ್ಕೆ ಮಡಚಿದ ಅಂಚಿನ ಬಟ್ಟಲು ನೋಡಲಿಕ್ಕೆ ಚೆಂದ, ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಏನು ಕೆಲಸ? ಅದನ್ನು ಕುಂಕುಮದ ಭರಣಿಯಾಗಿ ಯೋಚಿಸಿದ ತಕ್ಷಣ ಎಲ್ಲವೂ ಬದಲಾಗುತ್ತದೆ. ಭರಣಿಗೆ ಮುಚ್ಚಳ ಬೇಕು, ಮುಚ್ಚಳವನ್ನು ಒಂದೇ ಕೈಯಲ್ಲಿ ತೆಗೆಯುವಂತಿರಬೇಕು, ಆಗ ಪಾತ್ರೆ ಉರುಳದಂತೆ ಪಾದ ಅಗಲವಾಗಬೇಕು, ಒಳಗೆ ಬೆರಳು ಸುತ್ತುವಷ್ಟು ಜಾಗವಿರಬೇಕು, ಮೂಲೆಯಲ್ಲಿ ಕುಂಕುಮ ಕೂಡದಂತೆ ತಳ ದುಂಡಾಗಿರಬೇಕು. ನೀವು ನೋಡಿದ್ದರಲ್ಲಿ ಕೊನೆಗೆ ಉಳಿಯುವುದು ಆ ನೆರಳಿನ ಗೆರೆಯೊಂದೇ ಇರಬಹುದು. ಅಷ್ಟು ಎರವಲು ಗೌರವದ ಎರವಲು, ಹೇಳಿಕೊಳ್ಳಲು ಹೆಮ್ಮೆಯಾಗುವಂಥದ್ದು.

ಮರವೂ ನಿಮ್ಮನ್ನು ಮೂಲದಿಂದ ದೂರ ತಳ್ಳುತ್ತದೆ, ತಳ್ಳಲು ಬಿಡಿ. ಕಾಫಿ ಗಿಡದ ಬೊಡ್ಡೆ ಗಟ್ಟಿ, ನುಣುಪು, ಆದರೆ ದಪ್ಪ ಸಾಲದು. ತಿರುಳನ್ನು ನಡುವೆ ಉಳಿಸಿದರೆ ಒಣಗುವಾಗ ಸೀಳುತ್ತದೆ. ಹಾಗಾಗಿ ಅದು ಕೈಯಳತೆಯ ಸಣ್ಣ ವಸ್ತುಗಳನ್ನೇ ಕೇಳುತ್ತದೆ. ಸಿಲ್ವರ್ ಓಕ್ ಮರವನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳುವಂತೆ ಕೊಯ್ದಾಗ ಮೈತುಂಬ ಮೀನಿನ ಹುರುಪೆಯಂಥ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅಂಥ ಮರದ ಮೇಲೆ ಬೇರೊಬ್ಬರ ಸೂಕ್ಷ್ಮ ಕೆತ್ತನೆಯನ್ನು ಹೇರಿದರೆ ಎರಡೂ ಹಾಳು. ಅಗಲವಾದ, ಸರಳವಾದ ಮೈ ಬಿಟ್ಟರೆ ಮರವೇ ಅಲಂಕಾರ. ಹೊಸದಾಗಿ ಕಡೆದಾಗ ಹಳದಿಯಾಗಿರುವ ಹಲಸು ಕಾಲ ಕಳೆದಂತೆ ಕಂದಾಗುತ್ತದೆ, ಆದ್ದರಿಂದ ಹಳದಿ ಬಣ್ಣವನ್ನೇ ನಂಬಿ ಮಾಡಿದ ವಿನ್ಯಾಸ ಅದರಲ್ಲಿ ನಿಲ್ಲುವುದಿಲ್ಲ. ವಿದೇಶಿ ವಿಡಿಯೊದಲ್ಲಿ ಮೇಪಲ್ ಮರದ ಮೇಲೆ ಕಂಡದ್ದನ್ನು ಹಠ ಹಿಡಿದು ಹಲಸಿನಲ್ಲಿ ಮಾಡುವವರು ಮರದ ಮಾತನ್ನೇ ಕೇಳಿಸಿಕೊಳ್ಳದವರು.

ಕೊನೆಯಲ್ಲಿ ಒಂದು ಪರೀಕ್ಷೆ. ಮುಗಿದ ವಸ್ತುವಿನ ಚಿತ್ರವನ್ನೂ ಮೊದಲ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಮರಗೆಲಸ ಗೊತ್ತಿಲ್ಲದ ಮನೆಯವರೊಬ್ಬರಿಗೆ ತೋರಿಸಿ. ‘ಎರಡೂ ಒಂದೇ ಅಲ್ವಾ’ ಎಂದರೆ ಇನ್ನೂ ದಾರಿಯಿದೆ. ‘ಇದಕ್ಕೂ ಅದಕ್ಕೂ ಏನೋ ಸಂಬಂಧ ಇದೆ’ ಎಂದರೆ ಹೆಸರು ಹೇಳಿ ಮಾರಬಹುದು. ಸಂಬಂಧವೇ ಕಾಣಲಿಲ್ಲವೆಂದರೂ ನಿಮಗೆ ಗೊತ್ತಿರುವ ಋಣವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.

ಐದನೆಯ ಹೆಜ್ಜೆ: ಬದುಕಿರುವವರನ್ನು ಕೇಳುವುದು

ಮೂಲದವರು ನಮ್ಮ ನಡುವೆಯೇ ಇದ್ದರೆ ಹೋಗಿ ಕೇಳುವುದಕ್ಕಿಂತ ಸುಲಭವಾದ ದಾರಿಯಿಲ್ಲ. ಆದರೂ ಜನ ಇದನ್ನೇ ತಪ್ಪಿಸುತ್ತಾರೆ, ಏಕೆಂದರೆ ಬೇಡವೆಂದರೆ ಏನು ಮಾಡುವುದೆಂಬ ಭಯ. ವಿದೇಶದಲ್ಲಿರುವ ಕಲಾವಿದರಿಗೆ ನಿಮ್ಮ ವಸ್ತುವಿನ ಚಿತ್ರದೊಂದಿಗೆ ನಾಲ್ಕು ಸಾಲಿನ ಪತ್ರ ಸಾಕು: ಏನನ್ನು ತೆಗೆದುಕೊಂಡಿದ್ದೀರಿ, ಏನನ್ನು ಬದಲಿಸಿದ್ದೀರಿ, ಮಾರುವ ಉದ್ದೇಶವಿದೆಯೇ, ಹೆಸರನ್ನು ಹೇಗೆ ಬರೆಯುತ್ತೀರಿ. ಊರಿನ ಹಿರಿಯ ಆಚಾರ್ರ ಬಳಿ ಪತ್ರ ನಡೆಯುವುದಿಲ್ಲ. ವಸ್ತುವನ್ನೇ ಕೈಯಲ್ಲಿ ಹಿಡಿದು ಹೋಗಿ ಕೊಟ್ಟು, “ಆಚಾರ್ರೆ, ನಿಮ್ಮ ತೊಟ್ಟಿಲ ಕಡ್ಡಿ ನೋಡಿ ಈ ದೀಪದ ಕಂಬ ಮಾಡಿದೀನಿ. ಮೇಲಿನ ಮೂರು ಬಳೆ ನಿಮ್ಮದೇ. ಮಾರಬಹುದಾ, ನೀವೇ ಹೇಳಿ” ಎಂದು ಕೇಳಬೇಕು. ಅವರು ಮೊದಲು ಮಾಡುವ ಕೆಲಸ ಬಳೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸುವುದು. “ಬಳೆ ಸರಿ ಬಂದಿಲ್ಲ ಕಣಪ್ಪ, ನಡುವಿನದು ಒಂದು ನೂಲು ದಪ್ಪ ಆಗಿದೆ” ಎಂಬ ಉತ್ತರ ಬಂದರೆ ಅದು ಒಪ್ಪಿಗೆಯೂ ಹೌದು, ಪಾಠವೂ ಹೌದು. ಅವರು ಬೇಡವೆಂದರೆ ಕಾನೂನು ಏನೇ ಹೇಳಲಿ, ಅದನ್ನು ಮಾರಾಟಕ್ಕೆ ಇಡಬಾರದು ಎನ್ನುವುದು ನನ್ನ ನಿಲುವು. ಆ ಬಳೆಗಳಿಂದಲೇ ಅವರ ಒಲೆ ಉರಿಯುತ್ತಿರುತ್ತದೆ, ನಮ್ಮಲ್ಲಿ ಅನೇಕರಿಗೆ ಇದು ತೋಟದ ಆದಾಯದ ಮೇಲಿನ ಹವ್ಯಾಸ.

ಅವರ ಹೆಸರನ್ನು ಬರೆಯುವ ಮುನ್ನವೂ ಕೇಳಿ. ಕೆಲವರಿಗೆ ಹೆಸರು ಹಾಕುವುದು ಸಂತೋಷ, ಕೆಲವರಿಗೆ ಊರಿನ ಹೆಸರಷ್ಟೇ ಸಾಕು.

ಆರನೆಯ ಹೆಜ್ಜೆ: ಬರೆಯುವುದು

‘ಅನೇಕ ಹಿರಿಯ ಕಲಾವಿದರಿಂದ ಸ್ಫೂರ್ತಿ ಪಡೆದು’ ಎಂಬ ವಾಕ್ಯ ಯಾರ ಋಣವನ್ನೂ ತೀರಿಸುವುದಿಲ್ಲ. ಯಾರಿಂದ, ಏನನ್ನು ಎಂಬ ಎರಡೂ ಇದ್ದಾಗಲೇ ಅದು ಒಪ್ಪಿಗೆಯ ಮಾತಾಗುತ್ತದೆ. ಮಾದರಿಗೆ ಮೂರು ಚೀಟಿಗಳನ್ನು ಕೊಡುತ್ತೇನೆ.

‘ಹಲಸಿನ ಡಬ್ಬಿ. ಆಕಾರ ನನ್ನದು. ಎರಡೂ ಬದಿಯಿಂದ ಗಾಡಿ ಕಡೆದು ಜಾಲರಿ ತೆರೆಯುವ ವಿಧಾನವನ್ನು ಜರ್ಮನಿಯ ಹ್ಯಾನ್ಸ್ ವೈಸ್‌ಫ್ಲಾಗ್ ಅವರ ಕೃತಿಗಳನ್ನು ನೋಡಿ ಕಲಿತದ್ದು.’

‘ದೀಪದ ಕಂಬ. ಗಂಟೆ ಮತ್ತು ಚಕ್ರಗಳ ಕ್ರಮ ಹಳೇಬೀಡಿನ ಕಂಬಗಳದು. ಅಳತೆ, ಪೀಠ ಮತ್ತು ಎಣ್ಣೆಯ ತಟ್ಟೆ ನನ್ನವು.’

‘ಸಿಲ್ವರ್ ಓಕ್ ಹೂದಾನಿ. ಕೊರಳಿನ ಮೂರು ಬಳೆಗಳು ಬೇಲೂರು ಕಡೆಯ ಹಿರಿಯ ಆಚಾರ್ರೊಬ್ಬರ ತೊಟ್ಟಿಲ ಕಡ್ಡಿಯಿಂದ, ಅವರ ಒಪ್ಪಿಗೆಯೊಂದಿಗೆ.’

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಪ್ರಸಿದ್ಧರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಅವರೇ ಹರಸಿ ಕಳಿಸಿದಂತೆ ತೋರಿಸಿ ಬೆಲೆ ಏರಿಸುವುದು ಹೆಸರು ಹೇಳುವ ನೆಪದಲ್ಲಿ ಹೆಸರನ್ನೇ ಕದಿಯುವ ಕೆಲಸ. ನಿಮ್ಮ ಹೆಸರಿಗಿಂತ ಅವರ ಹೆಸರಿನ ಅಕ್ಷರ ದೊಡ್ಡದಾಗಬಾರದು, ಮೊದಲಿಗೂ ಬರಬಾರದು.

ಚೀಟಿ ಕಳೆದುಹೋಗುತ್ತದೆ, ಆದ್ದರಿಂದ ಮುಖ್ಯವಾದದ್ದು ಮರದ ಮೇಲೆಯೇ ಇರಬೇಕು. ಬಟ್ಟಲನ್ನು ಮಗುಚಿ ಹಿಡಿದು ಪಾದದ ಕೊನೆಯ ಕಡೆತ ಮುಗಿಸುವಾಗ ತಳದ ನಡುವೆ ತುಸು ಒಳಬಾಗಿದ, ಅಂಗೈ ಗುಳಿಯಷ್ಟು ಜಾಗವನ್ನು ಬಿಟ್ಟುಕೊಳ್ಳಿ. ಒಳಬಾಗಿದ್ದರೆ ಮೇಜಿಗೆ ಉಜ್ಜಿ ಅಕ್ಷರ ಅಳಿಯುವುದಿಲ್ಲ. ಮರಳು ಕಾಗದದ ಕೆಲಸವೆಲ್ಲ ಮುಗಿದ ಮೇಲೆ, ಎಣ್ಣೆ ಹಾಕುವ ಮುನ್ನ, ಸುಡುವ ಪೆನ್ನಿನಿಂದ ಬರೆಯಿರಿ. ಮರದ ಎಳೆಯನ್ನು ಅಡ್ಡ ಹಾಯುವಾಗ ಪೆನ್ನಿನ ತುದಿ ಮೆದು ಭಾಗದಲ್ಲಿ ತಟ್ಟನೆ ಇಳಿದು, ಗಟ್ಟಿ ಗೆರೆಯ ಮೇಲೆ ತೇಲುತ್ತದೆ. ಹಾಗಾಗಿ ಕಾವನ್ನು ಕಡಿಮೆ ಇಟ್ಟು, ಒತ್ತದೆ, ಒಂದೇ ಗೆರೆಯನ್ನು ಎರಡು ಬಾರಿ ಎಳೆಯುವುದು ಮೇಲು. ಕನ್ನಡದ ದುಂಡಕ್ಷರಗಳಿಗೆ ಚೂಪು ತುದಿಗಿಂತ ಸಣ್ಣ ಗುಂಡು ತುದಿ ಒಗ್ಗುತ್ತದೆ. ಶಾಯಿಯಲ್ಲಿ ಬರೆಯುವುದಾದರೆ ಮೊದಲು ಒಂದು ಕೈ ಅರಗಿನ ಪಾಲಿಶ್ ಹಚ್ಚಿ ಒಣಗಿಸಿ, ಇಲ್ಲವಾದರೆ ಶಾಯಿ ಎಳೆಗಳಗುಂಟ ಹರಡುತ್ತದೆ. ಹೆಸರು, ಮರ, ಊರು, ವರ್ಷ ಮತ್ತು ಜಾಗ ಉಳಿದರೆ ಋಣದ ಒಂದು ಮಾತು, ಇಷ್ಟು ಸಾಕು. ಬುಗುರಿಯಂಥ ಸಣ್ಣ ವಸ್ತುವಿಗೆ ಒಂದು ಅಕ್ಷರದ ಗುರುತಾದರೂ ಸರಿ.

ಸಣ್ಣ ಗುರುತಿಗೆ ನಮ್ಮಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯದಲ್ಲಿ ದುಡಿದ ರೂವಾರಿ (ಶಿಲ್ಪಿ) ಮಲ್ಲಿತಮ್ಮ ಮುಂದೆ ದಶಕಗಳ ಕಾಲ ಹೊಯ್ಸಳ ನಾಡಿನ ಹಲವೆಡೆ ತನ್ನ ಹೆಸರು ಬಿಟ್ಟುಹೋಗಿದ್ದಾನೆ; ಸೋಮನಾಥಪುರದಲ್ಲಿ ಕೆಲವು ಶಿಲ್ಪಗಳ ಕೆಳಗೆ ‘ಮಲ್ಲಿ’ ಎಂದೋ ‘ಮ’ ಎಂದೋ ಇಷ್ಟೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣದ ಬದಿಯ ಶಿಲ್ಪಗಳು ಬೈಚೋಜನವು, ಉತ್ತರದ ಬದಿಯವು ಮಲ್ಲಿತಮ್ಮನವು. ಒಂದೇ ಗುಡಿಯಲ್ಲಿ ಇಬ್ಬರು ಕೆಲಸ ಹಂಚಿಕೊಂಡರೂ ಯಾವುದು ಯಾರದೆಂದು ಇಂದಿಗೂ ಹೇಳಬಹುದಾದದ್ದು ಅವರು ಗುರುತು ಹಾಕಿದ್ದರಿಂದ. ಇಬ್ಬರು ಸೇರಿ ಮಾಡಿದ ವಸ್ತುವಿನ ಮೇಲೆ ಒಬ್ಬರ ಹೆಸರು ಮಾತ್ರ ಹಾಕುವವರು ಒಮ್ಮೆ ನುಗ್ಗೇಹಳ್ಳಿಗೆ ಹೋಗಿ ಬರಬೇಕು.

ಏಳನೆಯ ಹೆಜ್ಜೆ: ಕಾನೂನು ಎಲ್ಲಿಯವರೆಗೆ ಬರುತ್ತದೆ

ಕಾನೂನು ಕೇಳುವುದು ಕಡಿಮೆ, ಕಸುಬಿನ ಮರ್ಯಾದೆ ಕೇಳುವುದು ಹೆಚ್ಚು. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾಕೃತಿಗೆ ರಕ್ಷಣೆ ಕೊಡುತ್ತದೆಯೇ ಹೊರತು ವಿಧಾನಕ್ಕೂ ಕಲ್ಪನೆಗೂ ಕೊಡುವುದಿಲ್ಲ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಮುಗಿಯುತ್ತದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಗೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆಯಿದೆ. ಆದರೆ ವಿನ್ಯಾಸ ಹೊಸದಾಗಿರಬೇಕು. ಮೇಳದಲ್ಲಿ ಎಲ್ಲರಿಗೂ ತೋರಿಸಿದ ಮೇಲೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಹೊಸತನ ಹೋಗಿರುತ್ತದೆ, ಆದ್ದರಿಂದ ಅರ್ಜಿ ಮೊದಲು, ಪ್ರದರ್ಶನ ಆಮೇಲೆ. ಇನ್ನೊಬ್ಬರು ತೆಗೆದ ಬಟ್ಟಲಿನ ಚಿತ್ರವನ್ನು ನಿಮ್ಮ ಮಾರಾಟದ ಪುಟದಲ್ಲಿ ಹಾಕುವುದು ಮಾತ್ರ ಯಾವ ಅನುಮಾನಕ್ಕೂ ಎಡೆಯಿಲ್ಲದ ತಪ್ಪು.

ಚನ್ನಪಟ್ಟಣದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಉಜ್ಜಿದ ಕಾವಿಗೆ ಅದು ಕರಗಿ ಮೈಗೆ ಹತ್ತುವಂತೆ ಮಾಡಿ, ಎಲೆಯಿಂದ ಹೊಳಪು ಕೊಡುವ ಆ ಕೆಲಸವನ್ನು ಹಾಸನದಲ್ಲಿ ಯಾರೂ ಮಾಡಬಹುದು. ಆದರೆ ಚನ್ನಪಟ್ಟಣದ ಗೊಂಬೆಗಳಿಗೆ 1999ರ ಕಾಯ್ದೆಯಡಿ ಭೌಗೋಳಿಕ ಸೂಚಕದ ನೋಂದಣಿಯಿರುವುದರಿಂದ ಹಾಸನದಲ್ಲಿ ಕಡೆದದ್ದನ್ನು ‘ಚನ್ನಪಟ್ಟಣದ ಗೊಂಬೆ’ ಎಂದು ಮಾರುವಂತಿಲ್ಲ. ವಸ್ತುವಿನ ಹೆಸರು ‘ಅರಗಿನ ಬಣ್ಣದ ಮರದ ಆಟಿಕೆ, ಹಾಸನ’ ಎಂದಿರಲಿ. ಆ ಕೆಲಸವನ್ನು ಚನ್ನಪಟ್ಟಣದವರಿಂದ ಕಲಿತದ್ದೆಂದು ಕೆಳಗಿನ ವಿವರದಲ್ಲಿ ಬರೆಯಿರಿ.

ಎಂಟನೆಯ ಹೆಜ್ಜೆ: ಗಿರಾಕಿ ಚಿತ್ರ ತಂದಾಗ, ನಿಮ್ಮದನ್ನೇ ಇನ್ನೊಬ್ಬರು ಮಾಡಿದಾಗ

ನಕಲಿನ ಒತ್ತಡ ಹೆಚ್ಚಾಗಿ ಬರುವುದು ಗಿರಾಕಿಗಳಿಂದ. ಮೊಬೈಲ್ ಮುಂದೆ ಹಿಡಿದು “ಇದೇ ಥರ ಹತ್ತು ಪೀಸ್ ಮಾಡಿಕೊಡಿ” ಎಂದಾಗ ಆರ್ಡರ್ ಕಳೆದುಕೊಳ್ಳುವ ಮನಸ್ಸು ಯಾರಿಗೂ ಇರುವುದಿಲ್ಲ. “ಸರ್, ಇದು ಇಂಥವರ ಕೆಲಸ, ಅವರ ಹತ್ತಿರವೇ ತರಿಸಿಕೊಳ್ಳಬಹುದು. ಇದರಲ್ಲಿ ನಿಮಗೆ ಇಷ್ಟ ಆಗಿದ್ದು ಎತ್ತರವೋ, ಬಣ್ಣವೋ, ಬಾಯಿಯೋ ಹೇಳಿ, ಅದನ್ನು ಇಟ್ಟುಕೊಂಡು ನಮ್ಮ ಮರದಲ್ಲಿ ಬೇರೆ ಒಂದು ಮಾಡಿ ತೋರಿಸುತ್ತೇನೆ” ಎಂದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಒಪ್ಪದವರನ್ನು ಬಿಟ್ಟುಬಿಡಿ.

ನಿಮ್ಮ ಕೆಲಸದಂತೆಯೇ ಇರುವುದು ಬೇರೊಂದು ಮಳಿಗೆಯಲ್ಲಿ ಕಂಡರೆ ಕೋಪಕ್ಕೆ ಮೊದಲು ಮೊದಲ ಹೆಜ್ಜೆಗೆ ಹಿಂತಿರುಗಿ. ಸಮನಾಗಿರುವುದು ಆಕಾರ ಮಾತ್ರವಾದರೆ ಅದು ನಿಮ್ಮದಾಗಿರಲೇ ಇಲ್ಲ. ಅಲಂಕಾರವೂ ಕಲ್ಪನೆಯೂ ಒಂದೇ ಆಗಿದ್ದರೆ, ಎಲ್ಲರ ಮುಂದೆ ಜಗಳ ತೆಗೆಯದೆ ಅವರೊಬ್ಬರನ್ನೇ ಕರೆದು ಮಾತನಾಡಿ, ಹೆಸರು ಬರೆಯುವಂತೆ ಕೇಳಿ. ಇಂಥ ಸಂದರ್ಭದಲ್ಲಿ ನೆರವಿಗೆ ಬರುವುದು ತಾರೀಕು ಹಾಕಿದ ರೇಖಾಚಿತ್ರಗಳ ಪುಸ್ತಕ. ಪ್ರತಿ ವಿನ್ಯಾಸದ ಮೊದಲ ಗೆರೆ, ಸ್ಫೂರ್ತಿಯ ಮೂಲ, ಕೈಬಿಟ್ಟ ಪ್ರಯತ್ನಗಳ ಚಿತ್ರ, ಮುಗಿದ ದಿನ, ಇವಿಷ್ಟೂ ಅದರಲ್ಲಿದ್ದರೆ ವಾದ ಬೆಳೆಯುವುದಿಲ್ಲ.

ಹೋಂಸ್ಟೇಗೂ ಅಂಗಡಿಗೂ ಸರಕು ಕೊಡುವಾಗ ಇನ್ನೊಂದು ಮುನ್ನೆಚ್ಚರಿಕೆ ಬೇಕು. ಅಂಗಡಿಯವರು ನಿಮ್ಮ ಚೀಟಿ ತೆಗೆದು ತಮ್ಮ ಚೀಟಿ ಕಟ್ಟುವುದುಂಟು, ಆಗ ನಿಮ್ಮ ಹೆಸರಿನೊಂದಿಗೆ ನೀವು ಬರೆದ ಋಣದ ಮಾತೂ ಹೋಗುತ್ತದೆ. ಸರಕು ಇಳಿಸುವಾಗ ಕೊಡುವ ಚಲನ್‌ನಲ್ಲಿಯೇ ಪ್ರತಿ ವಸ್ತುವಿನ ಮುಂದೆ ಚೀಟಿಯ ಪೂರ್ತಿ ಬರಹವನ್ನು ಬರೆದು, ಅದನ್ನು ಬದಲಿಸದೆ ಇಡಬೇಕೆಂಬ ಒಂದು ಸಾಲನ್ನು ಸೇರಿಸಿ, ಅವರ ಸಹಿ ಪಡೆದು ಒಂದು ಪ್ರತಿಯನ್ನು ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ.